ಹಳೆ ಮಾರುತಿಯ ಒಳಗಿನ ರಿಪೇರಿ: ನಮ್ಮ ಕಡೆ ಮೊದಲು ನೀರಿನ ದಾರಿ ಹುಡುಕಬೇಕು

ಕಾಸರಗೋಡಿನ ಕಡೆ ಕಾರಿನ ಒಳಭಾಗ ಕೂತು ಎದ್ದು ಸವೆಯುವುದಕ್ಕಿಂತ ನೀರು ಕುಡಿದು ಹಾಳಾಗುವುದೇ ಹೆಚ್ಚು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ನಿಂತ ಕಾರು ಸರಿಯಾಗಿ ಒಣಗುವುದೇ ಇಲ್ಲ. ಸೀಟು ಹರಿದಿದೆ, ಬಾಗಿಲ ಒಳಬದಿಗೆ ಹೊದಿಸಿದ ಪ್ಯಾಡ್ ಕಿತ್ತು ಬಂದಿದೆ, ಕಾರ್ಪೆಟ್ ನಾರುತ್ತದೆ ಎಂದು ಬಂದವರಿಗೆಲ್ಲ ನಾನು ಕೇಳುವುದು ಒಂದೇ, ನೀರು ಎಲ್ಲಿಂದ ಬರುತ್ತದೆ ಎಂದು ನೋಡಿದ್ದೀರಾ? ಅದನ್ನು ನಿಲ್ಲಿಸದೆ ಹೊಸ ರೆಕ್ಸಿನ್ ಹೊಲಿಸಿದರೆ ಮುಂದಿನ ಮಳೆಗಾಲದ ಆಟಿ ತಿಂಗಳಿಗೆ ಅದಕ್ಕೂ ಬೂಷ್ಟು ಹಿಡಿಯುತ್ತದೆ.

ನನ್ನದು 2001ರ ಮಾರುತಿ 800, ಕೆಎಲ್ 14 ಬೋರ್ಡು. ಮನೆಯವರೂ ಅಡಕೆ ಗೋಣಿಯೂ ಸಮಸಮ ಪ್ರಯಾಣ ಮಾಡಿದ ಗಾಡಿ. ಕಂಪನಿ 2014ರಲ್ಲಿ ಈ ಕಾರು ಮಾಡುವುದನ್ನು ನಿಲ್ಲಿಸಿತು. ಹಾಗೆಂದು ಬಿಡಿಭಾಗಕ್ಕೆ ಬರವಿಲ್ಲ. ಗ್ಲಾಸ್ ತಿರುಗಿಸುವ ಹ್ಯಾಂಡಲ್, ಪ್ಯಾಡಿನ ಬಿಳಿ ಕ್ಲಿಪ್, ಬಾಗಿಲ ರಬ್ಬರ್ ಎಲ್ಲ ಕಾಸರಗೋಡು ಪೇಟೆಯಲ್ಲೇ ಸಿಗುತ್ತವೆ, ಇಲ್ಲವಾದರೆ ತಲಪಾಡಿ ದಾಟಿ ಮಂಗಳೂರಿಗೆ ಹೋದರಾಯಿತು.

ಕೆಲಸ ಬಾಗಿಲಿನಿಂದ ಶುರು ಮಾಡಿದೆ. ಪ್ಯಾಡ್ ಕೆಳಗಿನಿಂದ ಉಬ್ಬಿ, ಕ್ಲಿಪ್ ಕಚ್ಚುತ್ತಲೇ ಇರಲಿಲ್ಲ. ಅದನ್ನು ಕಳಚಬೇಕಾದರೆ ಮೊದಲು ಗ್ಲಾಸಿನ ಹ್ಯಾಂಡಲ್ ಬಿಚ್ಚಬೇಕು. ಅಲ್ಲಿ ಸ್ಕ್ರೂ ಹುಡುಕಿ ಸುಸ್ತಾಗುವವರೇ ಜಾಸ್ತಿ. ಹ್ಯಾಂಡಲಿನ ಹಿಂದೆ ಕುದುರೆ ಲಾಳದಂಥ ಒಂದು ಸ್ಪ್ರಿಂಗ್ ಲಾಕ್ ಇರುತ್ತದೆ. ಹಳೆ ಬೈರಾಸಿನ ತುಂಡನ್ನು ಹ್ಯಾಂಡಲ್ ಮತ್ತು ಪ್ಯಾಡಿನ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಅತ್ತ ಇತ್ತ ಎಳೆಯುತ್ತಿದ್ದರೆ ಬಟ್ಟೆ ಲಾಕಿನ ತುದಿಗೆ ಸಿಕ್ಕಿ ಅದನ್ನು ಹೊರಗೆ ಎತ್ತುತ್ತದೆ. ಟಿಕ್ಕೆಂದು ಹಾರಿಹೋಗುತ್ತದೆ, ಇನ್ನೊಂದು ಕೈ ಅಡ್ಡ ಇಟ್ಟುಕೊಳ್ಳಿ. ಹಿಂದೆ ಹಾಕುವಾಗ ಲಾಕನ್ನು ಮೊದಲೇ ಹ್ಯಾಂಡಲಿಗೆ ಕೂರಿಸಿ, ಬಾಗಿಲಿನಿಂದ ಹೊರಚಾಚಿದ ಹಲ್ಲಿನ ಕಡ್ಡಿಯ ಮೇಲಿಟ್ಟು ಅಂಗೈಯಿಂದ ಗುದ್ದಿದರೆ ಸಾಕು.

ಪ್ಯಾಡ್ ತೆಗೆದಾಗ ಕಾರಣ ಎದುರಿಗೇ ಇತ್ತು. ಗ್ಲಾಸಿನ ಹೊರಗಿನ ರಬ್ಬರ್ ಪಟ್ಟಿ ಎಷ್ಟೇ ಹೊಸದಿರಲಿ, ಮಳೆನೀರು ಬಾಗಿಲ ಹೊಟ್ಟೆಗೆ ಇಳಿದೇ ಇಳಿಯುತ್ತದೆ. ಕಾರು ಮಾಡಿದವರಿಗೂ ಅದು ಗೊತ್ತು, ಅದಕ್ಕೇ ಬಾಗಿಲ ಅಡಿಯಂಚಿನಲ್ಲಿ ನೀರು ಹೋಗಲು ತೂತು ಇಟ್ಟಿದ್ದಾರೆ, ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾರೆ. ಯಾವುದೋ ಕಾಲದಲ್ಲಿ ಗ್ಲಾಸಿನ ಮೆಷಿನ್ ರಿಪೇರಿ ಮಾಡಿದವರು ಆ ಹಾಳೆಯನ್ನು ಹರಿದು ಬಿಸಾಡಿದ್ದರು. ಹಳೆ ಕಾರುಗಳಲ್ಲಿ ಹತ್ತರಲ್ಲಿ ಒಂಬತ್ತರ ಕಥೆ ಇದೇ. ತೂತುಗಳು ಧೂಳು, ಅಡಕೆ ಸಿಪ್ಪೆಯ ನಾರು ಸೇರಿ ಕಟ್ಟಿದ್ದವು. ಹಿಡಿಸೂಡಿಯ ಕಡ್ಡಿ ಹಾಕಿ ಕೆದಕಿದ ಕೂಡಲೇ ಕೆಸರು ನೀರು ಹೊರಬಂತು.

ಹಾಳೆಗೆ ಅಂಗಡಿಗೆ ಹೋಗಲಿಲ್ಲ. ಅಡಕೆ ಒಣಗಿಸುವ ಗುಡಾರಕ್ಕೆ ತಂದ 200 ಮೈಕ್ರಾನಿನ ಶೀಟು ಮನೆಯಲ್ಲೇ ಇತ್ತು, ಅದನ್ನೇ ಕತ್ತರಿಸಿದೆ. ಸುತ್ತ ಬ್ಯೂಟೈಲ್ ಟೇಪಿನಿಂದ, ಅಂದರೆ ಮೆದು ರಬ್ಬರಿನ ಅಂಟುಪಟ್ಟಿಯಿಂದ ಅಂಟಿಸಬೇಕು. ಅದು ಒಣಗಿ ಗಟ್ಟಿಯಾಗುವುದಿಲ್ಲ, ನಾಳೆ ಪುನಃ ಬಿಚ್ಚಬೇಕಾದರೂ ಸುಲಭ. ಮುಖ್ಯ ವಿಷಯವೆಂದರೆ ಹಾಳೆಯ ಕೆಳಗಿನ ಅಂಚು ಬಾಗಿಲ ತಗಡಿನ ಸಂದಿಯೊಳಕ್ಕೆ ಹೋಗಬೇಕು. ಹೊರಗೆ ಬಿಟ್ಟರೆ ಹಾಳೆಯ ಮೇಲೆ ಇಳಿದ ನೀರು ನೇರ ಪ್ಯಾಡಿಗೇ ಹೋಗುತ್ತದೆ.

ಪ್ಯಾಡಿನೊಳಗಿನ ಉಬ್ಬಿದ ಹಾರ್ಡ್‌ಬೋರ್ಡನ್ನು ಒಣಗಿಸಿ ಸರಿ ಮಾಡುವ ಆಸೆ ಬೇಡ. ಹೊಸ 3 ಮಿ.ಮೀ. ಬೋರ್ಡಿನ ಮೇಲೆ ಹಳೆಯದನ್ನಿಟ್ಟು ಪೆನ್ಸಿಲಿನಲ್ಲಿ ಗೀಟೆಳೆದು ಕತ್ತರಿಸಿದೆ. ಕ್ಲಿಪ್ಪಿನ ತೂತುಗಳನ್ನೆಲ್ಲ ಕೊರೆದ ಮೇಲೆ ಎರಡೂ ಬದಿಗೆ ವಾರ್ನಿಷ್ ಕೊಟ್ಟೆ. ಅಂಚಿಗೂ ತೂತಿನ ಒಳಬದಿಗೂ ಇನ್ನೂ ಒಂದು ಕೈ ಜಾಸ್ತಿ, ಬೋರ್ಡು ನೀರು ಕುಡಿಯುವುದೇ ಅಲ್ಲಿಂದ. ರೆಕ್ಸಿನ್ ಹಳೆಯದೇ. ಕೂದಲು ಒಣಗಿಸುವ ಡ್ರೈಯರಿನಿಂದ ಸ್ವಲ್ಪ ಬಿಸಿ ಮಾಡಿದರೆ ಅಂಟು ಸಡಿಲವಾಗಿ ಹರಿಯದೆ ಬರುತ್ತದೆ.

ಅಂಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ರೆಕ್ಸಿನ್, ಫೋಮ್ ಕೆಲಸಕ್ಕೆ ಮರಗೆಲಸದ ಬಿಳಿ ಅಂಟು ನಡೆಯುವುದಿಲ್ಲ, ಹಳದಿ ಬಣ್ಣದ ರಬ್ಬರ್ ಅಂಟು ಬೇಕು. ಫೆವಿಕಾಲ್ ಎಸ್‌ಆರ್ 998 ಎಂದು ಕೇಳಿದರೆ ಕೊಡುತ್ತಾರೆ. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಲು ಬಿಟ್ಟು, ಆಮೇಲೆ ಒತ್ತಬೇಕು. ಒಮ್ಮೆ ತಾಗಿದರೆ ಮುಗಿಯಿತು, ಸರಿಸಲು ಬರುವುದಿಲ್ಲ. ಮಳೆಗಾಲದಲ್ಲಿ ಈ ಕೆಲಸ ಹಿಡಿಯಲೇಬೇಡಿ. ಅಂಟಿನ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಹಿಡಿತ ಬರುವುದಿಲ್ಲ. ದಶಂಬರದಿಂದ ಫೆಬ್ರವರಿ ಒಳ್ಳೆಯ ಸಮಯ. ಬಾಗಿಲುಗಳೆಲ್ಲ ತೆರೆದಿರಲಿ, ಹತ್ತಿರದಲ್ಲಿ ಬೀಡಿ ಸೇದುವವರು ಬೇಡ.

ಭಾವನ ಸೆಡಾನಿನ ಮಾಡಿನ (ಒಳಚಾವಣಿಯ) ಬಟ್ಟೆ ತಲೆಗೆ ತಾಗುವಷ್ಟು ಜೋತಿತ್ತು. ಅದಕ್ಕೂ ಅಂಟು ಇದೇ, ಆದರೆ ಅಲ್ಲಿ ಸೋತದ್ದು ಅಂಟಲ್ಲ. ಬಟ್ಟೆಯ ಹಿಂದಿನ ತೆಳು ಫೋಮ್ ಸೆಕೆಗೂ ತೇವಕ್ಕೂ ಪುಡಿಯಾಗಿರುತ್ತದೆ. ಸಿರಿಂಜಿನಲ್ಲಿ ಅಂಟು ಬಿಡುವುದು, ಗುಂಡುಪಿನ್ನು ಚುಚ್ಚುವುದು ಎಲ್ಲ ಒಂದೆರಡು ವಾರದ ಸಮಾಧಾನ. ಬಟ್ಟೆ ಅಂಟಿಸಿದ ಬೋರ್ಡು ಇಳಿಸಿ, ಹಳೆ ಪುಡಿಯನ್ನು ಬ್ರಷ್ಷಿನಲ್ಲಿ ಪೂರ್ತಿ ಉಜ್ಜಿ ತೆಗೆದು, ಫೋಮ್ ಸಮೇತ ಬರುವ ಹೊಸ ಬಟ್ಟೆಯನ್ನು ನಡುವಿನಿಂದ ಅಂಚಿನ ಕಡೆಗೆ ಸವರುತ್ತ ಅಂಟಿಸಬೇಕು. ಇಬ್ಬರಿಲ್ಲದೆ ಆಗುವ ಕೆಲಸವಲ್ಲ.

ನೆಲದ್ದು ಬೇರೆ ರಗಳೆ. ಸೀಟು ಕಳಚಿ ಕಾರ್ಪೆಟ್ ಎತ್ತಿ, ಅಡಿಯ ಸೆಣಬಿನ ಪದರವನ್ನು ಹೆಬ್ಬೆರಳಲ್ಲಿ ಒತ್ತಿದೆ. ಮಳೆ ನಿಂತು ತಿಂಗಳಾಗಿದ್ದರೂ ನೀರು ಒಸರಿತು. ಮಗನನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ ನಾನು ಹೊರಗಿನಿಂದ ಪೈಪು ಬಿಟ್ಟೆ. ಬಾಗಿಲಿಗೆ ಬಿಟ್ಟಾಗ ಏನೂ ಇಲ್ಲ, ಮುಂದಿನ ಗ್ಲಾಸಿನ ಬುಡಕ್ಕೆ ಬಿಟ್ಟಾಗ "ಅಪ್ಪಾ, ಬಂತು!" ಎಂದ. ವೈಪರಿನ ಹತ್ತಿರ ಗಾಳಿ ಒಳಹೋಗುವ ಜಾಗದ ನೀರಿನ ದಾರಿ ಹಲಸಿನ ಎಲೆಯಿಂದ ಮುಚ್ಚಿಹೋಗಿತ್ತು. ತುಂಬಿದ ನೀರು ಬ್ಲೋವರಿನ ಕಡೆಯಿಂದ ಕಾಲಬುಡಕ್ಕೆ ಇಳಿಯುತ್ತಿತ್ತು. ಎಲೆ ತೆಗೆದದ್ದಕ್ಕೆ ಖರ್ಚು ಸೊನ್ನೆ. ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಪ್ರೈಮರ್ ಮೇಲೆ ಪೈಂಟ್ ಕೊಟ್ಟೆ. ಸೆಣಬಿನ ಬದಲು ಶೀಟಿನ ಮಾಡಿನಡಿ ಸೆಕೆ ತಡೆಯಲು ಹಾಕುವ ಎಕ್ಸ್‌ಎಲ್‌ಪಿಇ ಫೋಮ್ ಹಾಸಿದೆ, ಅದು ನೀರು ಹೀರುವುದಿಲ್ಲ.

ಸೀಟಿನ ಹೊಲಿಗೆ ನನ್ನ ಕೈಯದ್ದಲ್ಲ. ಕವರನ್ನು ಹಿಡಿದ ತಂತಿಯ ಬಳೆಗಳನ್ನು ಕಟ್ಟಿಂಗ್ ಪ್ಲಯರಿನಲ್ಲಿ ತುಂಡರಿಸಿ, ಕವರೂ ಸ್ಪಂಜೂ ಬೇರೆ ಮಾಡಿ, ಕುಂಬಳೆಯ ಕುಷನ್ ಕೆಲಸದ ಇಚ್ಚನ ಹತ್ತಿರ ಕೊಂಡುಹೋದೆ. ಅವರು ಸ್ಪಂಜನ್ನು ಒಮ್ಮೆ ಹಿಚುಕಿ, "ಭಟ್ರೇ, ಮೆತ್ತಗಿನದು ಹಾಕಿದರೆ ಇವತ್ತು ಸುಖ, ಆರು ತಿಂಗಳಿಗೆ ಗುಂಡಿ. 40 ಡೆನ್ಸಿಟಿಯದ್ದು ಹಾಕುವ" ಎಂದರು. ಈ ಸಂಖ್ಯೆ ಒಂದು ಘನ ಮೀಟರ್ ಫೋಮಿನ ತೂಕ, ಕಿಲೋದಲ್ಲಿ. ಗಟ್ಟಿಯೋ ಮೆದುವೋ ಎಂಬುದು ಬೇರೆ ಲೆಕ್ಕ, ಕೂತು ನೋಡಿಯೇ ಆರಿಸಬೇಕು. ನಾನು ಒತ್ತಾಯಿಸಿದ್ದು ದಾರದ ವಿಷಯಕ್ಕೆ ಮಾತ್ರ: ಹತ್ತಿಯ ನೂಲು ಬೇಡ, ಪಾಲಿಯೆಸ್ಟರ್ ಆಗಬೇಕು. ನಮ್ಮ ತೇವಕ್ಕೆ ರೆಕ್ಸಿನಿಗಿಂತ ಮೊದಲು ಕೊಳೆಯುವುದು ಹತ್ತಿಯ ಹೊಲಿಗೆ.

ಹಿಂದಿನ ಸೀಟಿನಲ್ಲಿದ್ದ ಹಲಸಿನ ಮೇಣಕ್ಕೆ ತೆಂಗಿನೆಣ್ಣೆಯೇ ಮದ್ದು. ಹಚ್ಚಿ, ನೆನೆಯಲು ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಸಾಬೂನು ನೀರಿನಿಂದ ಜಿಡ್ಡು ತೆಗೆದರಾಯಿತು. ಥಿನ್ನರ್ ಹಾಕಿದರೆ ಮೇಣದ ಜೊತೆ ರೆಕ್ಸಿನಿನ ಬಣ್ಣವೂ ಹೋಗುತ್ತದೆ.

ತುಂಡಾದ ಪ್ಲಾಸ್ಟಿಕ್ ಸಾಮಾನುಗಳಿಗೆ ಅಂಟು ತರುವ ಮೊದಲು ಹಿಂಬದಿ ನೋಡಿ. ಹೆಚ್ಚಿನವುಗಳ ಮೇಲೆ ಅದು ಯಾವ ಪ್ಲಾಸ್ಟಿಕ್ ಎಂಬ ಅಕ್ಷರ ಒತ್ತಿರುತ್ತದೆ. ಎಬಿಎಸ್ (ABS) ಆದರೆ ಅದರದ್ದೇ ಚೂರನ್ನು ಅಸಿಟೋನಿನಲ್ಲಿ ಕರಗಿಸಿ ಲೇಪ ಮಾಡಿ ಬೆಸೆಯಬಹುದು. ಪಿಪಿ (PP) ಆದರೆ ಅಂಟು ಹಿಡಿಯುವುದಿಲ್ಲ. ಹಿಂದಿನಿಂದ ಸ್ಟೀಲಿನ ಜಾಲರಿಯ ತುಂಡನ್ನಿಟ್ಟು, ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ಪ್ಲಾಸ್ಟಿಕ್ ಕರಗಿಸಿ ಅದರೊಳಗೆ ಹುದುಗಿಸುವುದೇ ಗಟ್ಟಿ. ನನ್ನ ಡ್ಯಾಶ್‌ಬೋರ್ಡಿನ ಸಾಮಾನು ಡಬ್ಬದ ಮುಚ್ಚಳ ಹಾಗೇ ನಿಂತಿದೆ.

ಸೀಟ್ ಬೆಲ್ಟಿನ ಅಂಚು ನಾರುನಾರಾಗಿತ್ತು. ಅದನ್ನು ಹೊಲಿಯಲು ಇಚ್ಚನೂ ಒಪ್ಪಲಿಲ್ಲ, ನಾನೂ ಕೇಳಲಿಲ್ಲ. ಹೊಸದೇ ಹಾಕಿದೆ. ಹೊಸ ತಲೆಮಾರಿನ ಕಾರಿನಲ್ಲಿ ಸೀಟಿನೊಳಗೇ ಏರ್‌ಬ್ಯಾಗ್ ಇದ್ದರೆ ಕವರು ಬಿಚ್ಚುವ ಸಾಹಸಕ್ಕೂ ಹೋಗಬೇಡಿ, ತಿಳಿದವರಿಗೇ ಬಿಡಿ. ಡ್ಯಾಶ್‌ಬೋರ್ಡಿನ ಬಿರುಕನ್ನು ಮಾತ್ರ ಮುಟ್ಟಲಿಲ್ಲ. ಬಿಸಿಲಿಗೆ ಮೆದುತನ ಕಳೆದುಕೊಂಡ ಪ್ಲಾಸ್ಟಿಕ್ ಅದು, ಒಂದು ಕಡೆ ತುಂಬಿಸಿದರೆ ಪಕ್ಕದಲ್ಲಿ ಒಡೆಯುತ್ತದೆ. ಗುಜರಿಯಲ್ಲಿ ಒಳ್ಳೆಯದೊಂದು ಸಿಕ್ಕಿದರೆ ಹೇಳಿ ಎಂದು ಉಪ್ಪಳದಲ್ಲಿ ಹೇಳಿಟ್ಟಿದ್ದೇನೆ.