ಸಿರಿಂಜಿನಲ್ಲಿ ಗಂಜಿ ಅಳೆದ ಬಗೆ

ಲಕ್ವ ಹೊಡೆದವರನ್ನು ನುಂಗುವ ಪರೀಕ್ಷೆಗೆ ಕರೆತಂದಾಗ ಮನೆಯವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಮನೆಯಲ್ಲಿ ಏನು ತಿನ್ನಿಸುತ್ತಿದ್ದೀರೋ ಅದನ್ನೇ ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ. ನಾನು ವಾಕ್-ಶ್ರವಣ ಚಿಕಿತ್ಸಕಿ. ಪಠ್ಯದಲ್ಲಿ ಕಲಿತದ್ದು ಬಿಸ್ಕತ್ತು, ಪುಡ್ಡಿಂಗ್. ನನ್ನ ಮುಂದೆ ಬರುವುದು ರಾಗಿ ಗಂಜಿ, ಸಾರನ್ನ, ಮುದ್ದೆ.

ಊಟ ಮುಟ್ಟಿಸುವ ಮೊದಲು ಬಾಯೊಳಗೆ ಟಾರ್ಚ್ ಬಿಟ್ಟು ನೋಡುತ್ತೇನೆ. ನಾಲಿಗೆ ಗಲೀಜಾಗಿದ್ದರೆ ಶುಚಿ ಮಾಡಿಸದೆ ಮುಂದಕ್ಕೆ ಹೋಗುವುದಿಲ್ಲ. ಉಸಿರಿನ ದಾರಿಗೆ ಜಾರುವ ಎಂಜಲಿನ ಜೊತೆ ಆ ಕೊಳೆಯೂ ಶ್ವಾಸಕೋಶ ಸೇರುತ್ತದೆ. ಆಮೇಲೆ 'ಆ' ಅನ್ನಿಸಿ ದನಿ ಕೇಳುತ್ತೇನೆ, ಕೆಮ್ಮಿಸುತ್ತೇನೆ, ಗಂಟಲ ಮೇಲೆ ಬೆರಳಿಟ್ಟು ಧ್ವನಿಪೆಟ್ಟಿಗೆ ಮೇಲೇಳುವುದನ್ನು ಗಮನಿಸುತ್ತೇನೆ. ಚಮಚದಲ್ಲಿ ನೀರು ಸರಿಹೋದರೆ, ಎಚ್ಚರವಾಗಿ ಕೂರಬಲ್ಲವರಿಗೆ ಮಾತ್ರ 90 ಮಿಲಿಲೀಟರ್ ನೀರನ್ನು ನಿಲ್ಲಿಸದೆ ಕುಡಿಯಲು ಹೇಳುತ್ತೇನೆ. ನಡುವೆ ನಿಲ್ಲಿಸಿದರೆ, ಕೆಮ್ಮಿದರೆ, ಆಮೇಲೆ ದನಿ ಗೊರಗೊರ ಅಂದರೆ ಮುಂದಿನ ಪರೀಕ್ಷೆ ಬೇಕು.

ನೆತ್ತಿಗೆ ಹತ್ತಿದರೆ ನಮ್ಮಲ್ಲಿ ಯಾರೋ ನೆನೆಸಿಕೊಂಡರು ಅಂತ ತಲೆ ತಟ್ಟಿ ಸುಮ್ಮನಾಗುತ್ತಾರೆ. ನನಗೆ ಹೆಚ್ಚು ಭಯ ನೆತ್ತಿಗೆ ಹತ್ತದವರದ್ದು. ಗಂಟಲಿನ ಅರಿವು ಮಂಕಾದವರಿಗೆ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಅದನ್ನು ಹಾಸಿಗೆಯ ಪಕ್ಕ ನಿಂತು ಹಿಡಿಯಲಾಗದು. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್‌ರೇ ವಿಡಿಯೊ ತೆಗೆಯಬೇಕು, ಇಲ್ಲವೇ ಮೂಗಿನಿಂದ ತೆಳ್ಳನೆಯ ಎಂಡೋಸ್ಕೋಪ್ ಇಳಿಸಿ ನೋಡಬೇಕು. ಈ ಎರಡನೆಯ ವಿಧಾನವನ್ನು 1988ರಲ್ಲಿ ವಿವರಿಸಿದವರು ಸೂಸನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು. ಇಎನ್‌ಟಿ ವೈದ್ಯರು ಸಿಕ್ಕರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ವಿಕಿರಣವಿಲ್ಲ, ಮನೆಯ ಡಬ್ಬಿಯ ಊಟವನ್ನೇ ಕೊಟ್ಟು ನೋಡಬಹುದು.

ಇನ್ನು ಗಂಜಿ. ತೆಳು ದ್ರವ ಬೇಗ ಜಾರಿ ಉಸಿರಿನ ದಾರಿಗೆ ಇಳಿಯಬಹುದು, ಅದಕ್ಕೇ ಕೆಲವರಿಗೆ ಗಟ್ಟಿ ಮಾಡಿಸುತ್ತೇವೆ. 'ಸ್ವಲ್ಪ ಗಟ್ಟಿ ಮಾಡಿ ಕೊಡಿ' ಅಂದರೆ ಅತ್ತೆಗೆ ಒಂದು ಅರ್ಥ, ಸೊಸೆಗೆ ಇನ್ನೊಂದು. ಆಹಾರವನ್ನು 0ಯಿಂದ 7ರವರೆಗೆ ವಿಂಗಡಿಸುವ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಕ್ರಮದಲ್ಲಿ ಇದಕ್ಕೆ ಸಿರಿಂಜಿನ ಉಪಾಯವಿದೆ. 10 ಮಿಲಿಲೀಟರ್ ಸಿರಿಂಜಿನ ಸೂಜಿ, ದಂಡ ಎರಡನ್ನೂ ತೆಗೆದು, ತುದಿಗೆ ಬೆರಳಿಟ್ಟು 10ರ ಗೆರೆವರೆಗೆ ಗಂಜಿ ತುಂಬಿ, ಬೆರಳು ತೆಗೆದು 10 ಸೆಕೆಂಡಿಗೆ ಮತ್ತೆ ಮುಚ್ಚಬೇಕು. ಉಳಿದದ್ದು 1ಕ್ಕಿಂತ ಕಡಿಮೆಯಿದ್ದರೆ ಅದು ನೀರಿನಂತೆಯೇ ತೆಳು. 1ರಿಂದ 4 ಆದರೆ ಒಂದನೇ ಹಂತ, 4ರಿಂದ 8 ಎರಡನೇದು, 8ಕ್ಕಿಂತ ಹೆಚ್ಚಾದರೆ ಮೂರನೇದು. ಏನೂ ಹರಿಯದಿದ್ದರೆ ಚಮಚ ವಾಲಿಸಿ ನೋಡುವ ಪರೀಕ್ಷೆ. ಎಲ್ಲ ಕಂಪನಿಯ ಸಿರಿಂಜೂ ಒಂದೇ ಅಳತೆಯದ್ದಲ್ಲ. ಸೊನ್ನೆಯಿಂದ 10ರ ಗೆರೆಗೆ 61.5 ಮಿಲಿಮೀಟರ್ ಇರಬೇಕು, ಸ್ಕೇಲ್ ಇಟ್ಟು ನೋಡಿಯೇ ಕೊಡುತ್ತೇನೆ.

ರಾಗಿ ಗಂಜಿ ಒಲೆಯಿಂದ ಇಳಿಸಿದಾಗ ಒಂದು ಹದ, ಆರಿದ ಮೇಲೆ ಇನ್ನೊಂದು. ಕುಡಿಸುವ ಬಿಸಿಯಲ್ಲೇ ಅಳೆಯಬೇಕು. ಎಂಜಲು ಚಮಚವನ್ನು ಮತ್ತೆ ಬಟ್ಟಲಿಗೆ ಹಾಕಿದರೆ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ತಿನ್ನಿಸಿ ಮುಗಿಸುವಷ್ಟರಲ್ಲಿ ಗಂಜಿ ನೀರಾಗಿರುತ್ತದೆ. ಆದ್ದರಿಂದ ಚಿಕ್ಕ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿಕೊಳ್ಳಲು ಹೇಳುತ್ತೇನೆ. ದ್ರವ ಗಟ್ಟಿ ಮಾಡಲು ಬೆರೆಸುವ ಕ್ಸಾಂಥಾನ್ ಗಮ್ ಪುಡಿಗೆ ಈ ತೊಂದರೆಯಿಲ್ಲ, ಆದರೆ ತಿಂಗಳುಗಟ್ಟಲೆ ಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಸಾರನ್ನ ಮೆತ್ತಗೆ ಕಂಡರೂ ಮೋಸದ ಊಟ: ಅನ್ನ ಬಾಯಲ್ಲಿರುವಾಗಲೇ ಸಾರು ಗಂಟಲಿಗೆ ಇಳಿದಿರುತ್ತದೆ. ಗಟ್ಟಿ ಮೊಸರು ಹಾಕಿ ನುಣ್ಣಗೆ ಕಿವುಚಿದ ಅನ್ನ ವಾಸಿ.

ಗಟ್ಟಿ ಮಾಡಿದರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಡಿಮೆನ್ಶಿಯಾ, ಪಾರ್ಕಿನ್ಸನ್ ಇದ್ದ 515 ಜನರ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗದ್ದ ಎದೆಗೆ ಬಾಗಿಸಿ ನೀರು ಕುಡಿದವರಿಗೂ ಗಟ್ಟಿ ದ್ರವ ಕುಡಿದವರಿಗೂ ಮೂರು ತಿಂಗಳಲ್ಲಿ ನ್ಯುಮೋನಿಯಾದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ನಿರ್ಜಲೀಕರಣ ಮಾತ್ರ ಗಟ್ಟಿ ದ್ರವದವರಲ್ಲೇ ಹೆಚ್ಚು. ಹಾಗಾಗಿ ದಿನಕ್ಕೆ ಎಷ್ಟು ಲೋಟ ಒಳಗೆ ಹೋಯಿತು, ಮೂತ್ರ ಹಳದಿಯಾಗಿದೆಯೇ ಎಂದು ಪ್ರತಿ ಭೇಟಿಯಲ್ಲೂ ಕೇಳುತ್ತೇನೆ.

ಮಂಡ್ಯ ಕಡೆಯ ಹಿರಿಯರೊಬ್ಬರು, "ಮುದ್ದೆ ಉಣ್ಣದಿದ್ರೆ ಉಂಡಂಗೇ ಆಗಕಿಲ್ಲ ಕಣವ್ವ" ಅಂತ ಹಟ ಹಿಡಿದರು. ಮುದ್ದೆ ಅಗಿಯುವ ಊಟವಲ್ಲ, ಸಾರಲ್ಲಿ ಅದ್ದಿ ನುಂಗುವುದು. ಎಂಡೋಸ್ಕೋಪಿಯಲ್ಲಿ ನೋಡಿದರೆ ಗಂಜಿಯೇ ನಾಲಿಗೆಯ ಬುಡದ ಗುಳಿಯಲ್ಲಿ ಉಳಿದಿತ್ತು, ಅಂಟುವ ಮುದ್ದೆಯ ಮಾತೆಲ್ಲಿ! ಮಗನನ್ನೂ ಕೂರಿಸಿ ಪರದೆಯ ಮೇಲೆ ತೋರಿಸಿದೆವು. ರಾಗಿ ಹಿಟ್ಟನ್ನೇ ಚಮಚದಿಂದ ಜಾರುವ ಹದಕ್ಕೆ ಬೇಯಿಸಿ, ಸೋಸಿದ ಉಪ್ಸಾರನ್ನು ಅದಕ್ಕೇ ಕಲಸಿ, ಪ್ರತಿ ತುತ್ತಿಗೂ ಎರಡು ಸಲ ನುಂಗುವ ಅಭ್ಯಾಸ ಮಾಡಿಸಿದೆವು. ರುಚಿ ಅದೇ ಅಂತ ಒಪ್ಪಿಕೊಂಡರು. ಮುದ್ದೆಗೆ ಇನ್ನೂ ಅನುಮತಿ ಕೊಟ್ಟಿಲ್ಲ. ಮುಂದಿನ ಸಲ ಗುಳಿ ಖಾಲಿಯಾಗುತ್ತಿದ್ದರೆ ಆಮೇಲೆ ಯೋಚಿಸೋಣ ಅಂದಿದ್ದೇನೆ.