ಮಕ್ಕಳ ರೂಮಿನ ಹಳೇ ಬ್ಲೈಂಡ್ಸ್ ತೆಗೆದು ನೀವೇ ಪರದೆ ಹಾಕಿ

ಮಕ್ಕಳು ಮಲಗುವ ರೂಮಿನ ಕಿಟಕಿಗೆ ದಾರ ಎಳೆದು ಏರಿಸುವ ಹಳೇ ಬ್ಲೈಂಡ್ಸ್ ಇದೆಯಾ? ಇವತ್ತೇ ಬಿಚ್ಚಿ. ಹೊಸದು ಬರಲಿ ಅಂತ ಕಾಯಬೇಡಿ. ಕಿಟಕಿ ಪಕ್ಕ ಮಂಚ ಇದ್ದರೆ ಮಗು ಹತ್ತಿ ನಿಲ್ಲುತ್ತದೆ, ದಾರದ ಕುಣಿಕೆ ಕೊರಳಿಗೆ ಬಿದ್ದರೆ ಕೂಗೋಕೂ ಆಗಲ್ಲ, ಪಕ್ಕದ ರೂಮಿನಲ್ಲಿರುವವರಿಗೆ ಗೊತ್ತಾಗುವ ಮೊದಲೇ ಜೀವ ಹೋಗಬಹುದು. ದಾರ ಮೇಲೆ ಸುತ್ತಿಟ್ಟರೆ ಸಾಕಲ್ವಾ ಅಂತ ಕೆಲವರು ಕೇಳ್ತಾರೆ. ಸಾಲದು. ಒಂದು ದಿನ ಸುತ್ತೋದು ಮರೆತರೆ?

ನಮ್ಮ ಕಲಬುರಗಿ ಬಿಸಿಲಿಗೆ ದಪ್ಪ ಹತ್ತಿ ಬಟ್ಟೆಯ ಪರದೆಯೇ ಸರಿ. ಪಶ್ಚಿಮದ ಕಿಟಕಿಯಾದರೆ ಹಿಂದೆ ಬಿಳಿ ಅಸ್ತರು ಕೊಡಿ, ಅದು ಗಾಜಿನ ಕಡೆ ಇರಲಿ. ಬಟ್ಟೆಯನ್ನ ರಾತ್ರಿಯಿಡೀ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಿ. ಹತ್ತಿ ಕುಗ್ಗುತ್ತದೆ. ಅಗಲ ರಾಡ್‌ನ ಎರಡರಷ್ಟಿರಲಿ, ಎರಡು ಭಾಗ ಮಾಡಿ ಹೊಲಿಸಿ, ಯಾಕಂದ್ರೆ ಬೇಸಿಗೆಯಲ್ಲಿ ಕಿಟಕಿಗೆ ಕೂಲರ್ ಇಡ್ತೀವಲ್ಲ, ಆಗ ಎರಡನ್ನೂ ಪಕ್ಕಕ್ಕೆ ಸರಿಸಬಹುದು. ಉದ್ದ ಕಿಟಕಿಯಿಂದ ಒಂದು ಗೇಣು ಕೆಳಗೆ ಬಂದರೆ ಸಾಕು. ನೆಲ ಮುಟ್ಟುವ ಪರದೆ ಹಿಡಿದು ಮಕ್ಕಳು ಜೋತು ಬೀಳ್ತಾರೆ.

ಈಗ ಗೋಡೆ. ಇಟ್ಟಿಗೆ ಗೋಡೆಗೆ ಡ್ರಿಲ್‌ಗೆ 6 ಮಿ.ಮೀ. ಮ್ಯಾಸನ್ರಿ ಬಿಟ್ (ಗೋಡೆ ಕೊರೆಯುವ ಮೊನೆ), ತೂತಿಗೆ ತೂರಿಸುವ ಪ್ಲಾಸ್ಟಿಕ್ ಪ್ಲಗ್, ಅದರೊಳಗೆ ಸ್ಕ್ರೂ, ಅಷ್ಟೇ. ಶಹಾಬಾದ್ ಕಲ್ಲಿನ ಹಳೇ ಮನೆಯಲ್ಲಿ ಮಾತ್ರ ಅವಸರ ಬೇಡ. ಕಲ್ಲುಗಳ ನಡುವಿನ ಸಂದಿಯಲ್ಲಿ ತೂತು ಹಾಕಬೇಡಿ, ಅಲ್ಲಿನ ಹಳೇ ಗಾರೆ ಪುಡಿಯಾಗಿ ಪ್ಲಗ್ ಕೈಗೇ ಬರುತ್ತದೆ. ಕಲ್ಲಿನ ನಡುಭಾಗಕ್ಕೇ ಹಾಕಿ. ಅದು ಪದರ ಪದರವಾಗಿರುವ ಕಲ್ಲು, ಅಂಚಿಗೆ ಹತ್ತಿರವಾದರೆ ಚಕ್ಕೆ ಏಳುತ್ತದೆ. ಮೊದಲು ಡ್ರಿಲ್‌ನ ಹ್ಯಾಮರ್ (ಬಡಿಯುತ್ತ ಕೊರೆಯುವ ಮೋಡ್) ಆಫ್ ಮಾಡಿ ನಿಧಾನಕ್ಕೆ ಗುಳಿ ಮಾಡಿಕೊಳ್ಳಿ, ಬಿಟ್ ಕಚ್ಚಿದ ಮೇಲೆ ಮುಂದುವರಿಸಿ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಆ ರೂಮಿನಲ್ಲಿ ಬೇಡವೇ ಬೇಡ. ಒಂದೊಂದು ಬ್ರಾಕೆಟ್‌ಗೂ ಕನಿಷ್ಠ ಎರಡು ಸ್ಕ್ರೂ ಬೇಕು. ರಾಡ್ ಕಿಟಕಿಯ ಎರಡೂ ಕಡೆ 15 ಸೆಂ.ಮೀ. ಹೊರಗೆ ಚಾಚಿರಲಿ, ಬದಿಯಿಂದ ಬಿಸಿಲು ನುಗ್ಗಲ್ಲ.

ರಾಡ್ ಕೂರಿಸಿ ಜೋರಾಗಿ ಎಳೆದು ನೋಡಿ. ಅಲ್ಲಾಡಿದರೆ ಬಿಚ್ಚಿ ಮತ್ತೆ ಹಾಕಿ. ತುದಿಯ ಗುಬುಟುಗಳನ್ನ ಬಿಗಿಯಾಗಿ ತಿರುಗಿಸಿ, ಬಿದ್ದರೆ ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ತಾರೆ. ಪರದೆ ಕಟ್ಟೋಕೆ ಗೊಂಡೆ ಇರುವ ಹಗ್ಗ ಚೆಂದ ಕಾಣುತ್ತದೆ ನಿಜ, ಆದರೆ ಅದೂ ಕುಣಿಕೆಯೇ. ಎಳೆದರೆ ಬಿಚ್ಚಿಕೊಳ್ಳುವ ವೆಲ್ಕ್ರೋ ಪಟ್ಟಿ ಹಾಕಿ.

ಬಿಚ್ಚಿದ ಬ್ಲೈಂಡ್ಸನ್ನ ಬೇರೆ ಮನೆಗೆ ಕೊಡಬೇಡಿ. ದಾರವನ್ನೆಲ್ಲ ಚಿಕ್ಕ ತುಂಡು ಮಾಡಿ, ಆಮೇಲೆ ಗುಜರಿಗೆ ಹಾಕಿ.