2002ರ ವಿಟೆಕ್ ಗಾಡಿಗೆ ವರ್ಷಕ್ಕ ಎಷ್ಟು ರೊಕ್ಕ ಬೇಕು: ಕಲಬುರಗಿ ಬಿಸಲಾಗ ನನ್ನ ಅನುಭವ

ನನ್ನ ಹತ್ರ 2002ರ ಹೋಂಡಾ ಸಿಟಿ 1.5 ವಿಟೆಕ್ ಅದ, ಕೆಎ 32 ನಂಬರ್. ವಿಟೆಕ್ ಅಂದ್ರ ಇಂಜಿನ್ ತಿರುಗೋ ವೇಗಕ್ಕ ತಕ್ಕಂಗ ವಾಲ್ವ್ ತೆರೆಯೋದನ್ನ ಬದಲಿಸೋ ಹೋಂಡಾದ ವ್ಯವಸ್ಥಾ. ಆರ್‌ಸಿ ಒಳಗ ಸ್ಪೋರ್ಟ್ಸ್ ಕಾರ್ ಅಂತೇನ್ ಇಲ್ಲ, ನಾಕು ಬಾಗಿಲಿನ ಸೆಡಾನೇ, ಆದ್ರ 106 ಹಾರ್ಸ್‌ಪವರಿನ ಹಗುರ ಗಾಡಿ ಅದು, ನಸುಕಿನ್ಯಾಗ ಹುಮನಾಬಾದ್ ರೋಡ್ ಹಿಡ್ದು ಮೂರನೇ ಗೇರಿನಾಗ ಎಳದ್ರ ಮ್ಯಾಲ ಹೋದಂಗ ಅದರ ಧ್ವನಿನೇ ಬದಲಾಗ್ತದ. ಆ ಧ್ವನಿಗೆ ಸೋತು 2019ರಾಗ ನಮ್ಮ ಓಣಿಯ ರಿಟೈರ್ಡ್ ಲೆಕ್ಚರರ್ ಸರ್ ಕಡಿಂದ 1 ಲಕ್ಷ 35 ಸಾವಿರ ಕೊಟ್ಟು ತಗೊಂಡಿನಿ. ಅವತ್ತಿಂದ ಇವತ್ತಿನ ತನಕ ನೋಡ್ದವರೆಲ್ಲ ಕೇಳೋದು ಒಂದೇ, ಎಷ್ಟು ಮೈಲೇಜ್ ಕೊಡ್ತದ್ರಿ ಅಂತ. ಹಳೀ ಗಾಡಿ ತಗೋಳೋರು ಮೈಲೇಜ್ ಕೇಳ್ಬಾರ್ದು, ಟೈರ್ ಯಾವ ವರ್ಷದ್ದು, ಇಂಜಿನ್ ಬೆಲ್ಟ್ ಯಾವಾಗ ಹಾಕ್ಸೀರಿ, ರೇಡಿಯೇಟರಿಗಿ ಯಾವ ನೀರು ಹಾಕೀರಿ ಅಂತ ಕೇಳ್ಬೇಕು. ಇದು ನನಗ ತಿಳೀಲಾಕ ಐದು ವರ್ಷ ಹಿಡೀತು, ಅದಕ್ಕೇ ಲೆಕ್ಕ ಸಮೇತ ಬರೀಲತ್ತೀನಿ.

ಡ್ಯಾಶ್‌ಬೋರ್ಡಿನಾಗ ಒಂದು ನೂರು ಪೇಜಿನ ನೋಟ್‌ಬುಕ್ ಇಟ್ಟೀನಿ, ಪೈಸಾ ಪೈಸಾ ಬರೀತೀನಿ. 2024ರ ಏಪ್ರಿಲ್‌ನಿಂದ 2025ರ ಮಾರ್ಚ್ ತನಕ ಗಾಡಿ ಓಡಿದ್ದು 3,800 ಕಿಲೋಮೀಟರ್. ಪೆಟ್ರೋಲಿಗೆ 37,200 ಹೋಯ್ತು. ಪೆಟ್ರೋಲ್ ಬಿಟ್ಟು ಉಳದ ಖರ್ಚ 54,850. ಎರಡೂ ಕೂಡಿದ್ರ ಕಿಲೋಮೀಟರಿಗೆ 24 ರೂಪಾಯಿ ಬಿತ್ತು, ಮನ್ಯಾಗ ಹೇಳಿದಾಗ ಇದರ ಬದ್ಲಿ ದಿನಾ ಆಟೋಕ್ಕ ಹೋಗ್ಬಹುದಿತ್ತಲ್ಲ ಅಂದ್ರು. ಆದ್ರ ಒಂದು ರವಿವಾರ ಕುಂತು ಆ 54,850ನ್ನ ಎರಡು ಪಾಲು ಮಾಡ್ದೆ, ಗಾಡಿ ಓಡಿದ್ದಕ್ಕ ಬಂದ ಖರ್ಚ ಒಂದ್ ಕಡಿ, ಓಡದಿದ್ರೂ ಬರ್ತಿದ್ದ ಖರ್ಚ ಇನ್ನೊಂದ್ ಕಡಿ. ಓಡಿದ್ದಕ್ಕ ಬಂದದ್ದು ಬರೀ 9,800, ರೇಡಿಯೇಟರ್ ಫ್ಯಾನಿಂದು 3,800 ಮತ್ತ ಗಾಲಿ ಹಿಡ್ಕೊಂಡಿರೋ ಲೋವರ್ ಆರ್ಮ್ ಬುಶ್, ಲಿಂಕ್ ರಾಡ್ ಕೆಲಸದ್ದು 6,000. ಉಳದ 45 ಸಾವಿರ ನಾ ಗಾಡಿ ಕವರ್ ಹಾಕಿ ನಿಲ್ಲಿಸಿದ್ರೂ ಬರೋದೇ ಇತ್ತು, ಒಂದಿಷ್ಟು ಆ ವರ್ಷ, ಒಂದಿಷ್ಟು ಮುಂದಿನ ವರ್ಷ. ಹಳೀ ಗಾಡಿ ಕಿಲೋಮೀಟರಿಗೆ ಸವಿಯೋದಿಲ್ಲ, ಕ್ಯಾಲೆಂಡರಿಗೆ ಸವೀತದ. ಕಮ್ಮಿ ಓಡಿಸ್ತೀನಿ ಖರ್ಚ ಕಮ್ಮಿ ಬರ್ತದ ಅಂತ ತಿಳ್ಕೊಂಡು ತಗೊಂಡವರು ಎರಡನೇ ವರ್ಷಕ್ಕೇ ಮಾರ್ತಾರ, ನಾನೇ ಮೂರು ಜನರನ್ನ ನೋಡೀನಿ.

ಮೊದ್ಲು ಸರ್ಕಾರದ್ದು ಹೇಳ್ತೀನಿ, ಯಾಕಂದ್ರ ಅದು ತಪ್ಪಂಗಿಲ್ಲ. ಗಾಡಿಗೆ 15 ವರ್ಷ ಆದ್ಮ್ಯಾಲ ಐದೈದು ವರ್ಷಕ್ಕ ಆರ್‌ಸಿ ರಿನ್ಯೂ ಮಾಡಿಸ್ಬೇಕು. 2022ರ ಏಪ್ರಿಲ್ ಒಂದಕ್ಕಿಂತ ಮೊದ್ಲು ಇದರ ಫೀಸು 600 ಇತ್ತು, ಆಮ್ಯಾಲ 5,000 ಆಯ್ತು, ನಂದು ಅದೇ ಅಕ್ಟೋಬರದಾಗ ಬಂದಿತ್ತು ಹಂಗಾಗಿ 5,000 ಕಟ್ಟೀನಿ. 2025ರ ಆಗಸ್ಟದಾಗ ಮತ್ತ ರೂಲ್ಸ್ ಬಂತು, 20 ವರ್ಷ ದಾಟಿದ ಕಾರಿಗೆ 10,000. ಗ್ರೀನ್ ಟ್ಯಾಕ್ಸ್ ಬ್ಯಾರೆ. ಇನ್ಶೂರೆನ್ಸ್ ಮಾತ್ರ ಈ ಗಾಡಿಗೆ ಅನುಕೂಲ ಅದ, ಇಂಜಿನ್ 1493 ಸಿಸಿ ಇರೋದಕ್ಕ 2024-25ರಾಗ ಥರ್ಡ್ ಪಾರ್ಟಿ 3,416 ಇತ್ತು, ಮತ್ತ ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ, ಅದೇ 1500 ಸಿಸಿ ದಾಟಿದ್ರ 7,897 ಆಗ್ತಿತ್ತು. ಓನರ್ ಡ್ರೈವರ್ ಆಕ್ಸಿಡೆಂಟ್ ಕವರ್ ಹಿಡ್ದು ನನಗ 4,400 ಬಿತ್ತು. ಹಳೀ ಗಾಡಿ ಹುಡ್ಕೋರು ಈ ಸಿಸಿ ಲೆಕ್ಕ ಮೊದ್ಲು ನೋಡ್ರಿ, ವರ್ಷಾ ವರ್ಷಾ ಕಟ್ಟೋ ರೊಕ್ಕ ಅದು. ಹೊಗಿ ಟೆಸ್ಟಿನ ಸರ್ಟಿಫಿಕೇಟಿಗೆ ವರ್ಷದಾಗ 250.

ಇನ್ನ ನಮ್ಮೂರ ಬಿಸಲು. 2024ರ ಮೇ ತಿಂಗಳು, ಮಧ್ಯಾಹ್ನ ಎರಡಕ್ಕ ಅವ್ವನ್ನ ಕಣ್ಣಿನ ಡಾಕ್ಟರ್ ಕಡಿ ಕರ್ಕೊಂಡು ಹೊಂಟಿದ್ದೆ, ಸೂಪರ್ ಮಾರ್ಕೆಟ್ ಹತ್ರ ಟ್ರಾಫಿಕ್‌ದಾಗ ನಿಂತಾಗ ಟೆಂಪರೇಚರ್ ಮುಳ್ಳು ನಡುವ ಇದ್ದದ್ದು ಮ್ಯಾಲ ಏರ್ಲಾಕ ಶುರು ಆಯ್ತು. ಫ್ಯಾನ್ ತಿರುಗೋ ಸಪ್ಪಳನೇ ಇಲ್ಲ. ಎಸಿ ಬಂದ್ ಮಾಡಿ ಹೀಟರ್ ಫುಲ್ ಇಟ್ಟು ನಾಕೂ ಗ್ಲಾಸ್ ಇಳಿಸ್ದೆ, ಹೀಟರ್ ಹಚ್ಚಿದ್ರ ಇಂಜಿನ್ ಝಳ ಒಂದಿಷ್ಟು ಒಳಗ ಬರ್ತದ, ಮುಳ್ಳು ಸ್ವಲ್ಪ ಇಳೀತದ. ಅವ್ವ ಸೆರಗಲೇ ಮಾರಿ ಒರ್ಸಿಕೋತ "ಮಗಾ, ಹೊರಗಿಂದೂ ಬೆಂಕಿ ಒಳಗಿಂದೂ ಬೆಂಕಿ, ಎಲ್ಲೇರ ನೆಳ್ಳಿಗಿ ನಿಲ್ಸೋ" ಅಂದಳು. ಬೇವಿನ ಗಿಡದ ಕೆಳಗ ನಿಲ್ಲಿಸಿ ಅವ್ವನ್ನ ಆಟೋಕ್ಕ ಕಳ್ಸಿ, ಅರ್ಧ ತಾಸು ಆರೋ ತನಕ ಬಾನೆಟ್ ಮುಟ್ಲಿಲ್ಲ.

ಸಂಜಿಕ ಗ್ಯಾರೇಜಿನ ಚಾಚಾ ರೇಡಿಯೇಟರ್ ಕ್ಯಾಪ್ ತೆಗ್ದು ಒಳಗ ಬಟ್ಟು ಹಾಕಿ ನನ್ನ ಮುಂದ ಹಿಡದ್ರು, ಬಟ್ಟಿಗೆ ಸುಣ್ಣ ಹಚ್ಚಿದಂಗ ಬಿಳೀ ಪುಡಿ. "ನೋಡು ಬೇಟಾ, ಇದು ಬೋರಿಂಗ್ ನೀರಿಂದು, ಫ್ಯಾನ್ ಆಮ್ಯಾಲ ಹೋಗ್ಯಾದ, ಮೊದ್ಲು ಇದು ಬಂದಾದ" ಅಂದ್ರು. ನಮ್ ಕಡಿ ಬೋರಿನ ನೀರು ಎಷ್ಟು ಸವಳು ಅಂತ ಮನಿ ನಲ್ಲಿ, ಬಕೀಟು ನೋಡಿದ್ರೇ ಗೊತ್ತಾಗ್ತದ, ಅದೇ ನೀರು ರೇಡಿಯೇಟರಿನ ಸಣ್ಣ ಸಣ್ಣ ನಳಿಗೋಳ ಒಳಗ ಕುದ್ದು ಕುದ್ದು ಗಟ್ಟಿ ಆಗ್ತದ, ಆಮ್ಯಾಲ ಫ್ಯಾನ್ ಪುರಸತ್ತಿಲ್ದೆ ತಿರುಗಿ ಮೋಟರ್ ಸುಟ್ಟು ಹೋಗ್ತದ. ಹಿಂದ ಯಾರ್ ಹಾಕಿದ್ರೋ, ನಾನೂ ಒಂದೆರಡು ಸಲ ಹೈವೇ ಹೋಟೆಲಿನ ನೀರು ಹಾಕೀನಿ, ಅದು ನನ್ನ ತಪ್ಪೇ. ಈಗ ಡಿಕ್ಕಿಯೊಳಗ ಎರಡು ಲೀಟರ್ ಡಿಸ್ಟಿಲ್ಡ್ ನೀರಿನಾಗ ಕೂಲಂಟ್ ಕಲ್ಸಿ ಇಟ್ಕೊಂಡೇ ತಿರುಗ್ತೀನಿ. ಕೂಲಂಟ್, ಬ್ರೇಕ್ ಆಯಿಲ್ ಎರಡೂ ಹೊಸಾದು ಹಾಕ್ಸಲಾಕ ಆದದ್ದು 1,200, ಇದನ್ನ ಎರಡು ವರ್ಷ ಮೊದ್ಲೇ ಮಾಡಿದ್ರ 3,800ರ ಮೋಟರ್ ಉಳೀತಿತ್ತು.

ಟೈಮಿಂಗ್ ಬೆಲ್ಟ್, ಅಂದ್ರ ಪಿಸ್ಟನ್ ಮತ್ತ ವಾಲ್ವ್ ಒಂದೇ ತಾಳಕ್ಕ ನಡಿಯಂಗ ಮಾಡೋ ಇಂಜಿನ್ ಬೆಲ್ಟ್, ಅದರ ಬಗ್ಗೆ ಚಾಚಾ ಮೂರು ವರ್ಷದಿಂದ ಹೇಳ್ಲತ್ತಿದ್ರು. ಈ ಇಂಜಿನ್ ಒಳಗ ಚೈನ್ ಇಲ್ಲ, ರಬ್ಬರ್ ಬೆಲ್ಟ್ ಅದ, ಅದು ಓಡ್ತಿರುವಾಗ ಹರದ್ರ ಪಿಸ್ಟನ್ ಬಂದು ವಾಲ್ವಿಗಿ ಬಡೀತದ, ಆಮ್ಯಾಲ ಹೆಡ್ ಅಂದ್ರ ಇಂಜಿನ್ನಿನ ಮ್ಯಾಲಿನ ಭಾಗ ಬಿಚ್ಚೋ ಕೆಲಸ, ಗಾಡಿ ಅರ್ಧ ಕಿಮ್ಮತ್ತು ಅಲ್ಲೇ ಹೋಯ್ತು. ಹಳೀ ಬೆಲ್ಟ್ ಬಿಚ್ಚಿ ಉಲ್ಟಾ ಮಡಚಿ ತೋರ್ಸಿದ್ರು, ಹಲ್ಲಿನ ಬುಡಕ್ಕ ಕೂದಲೆಳೆಯಂಥ ಬಿರುಕು. ನನ್ನ ಕೈಯಾಗ ಬಂದ್ಮ್ಯಾಲ ಅದು 20 ಸಾವಿರ ಕಿಲೋಮೀಟರ್ ಸೈತ ಓಡಿರ್ಲಿಲ್ಲ, ವಯಸ್ಸಿಗೇ ಒಣಗಿತ್ತು. ವಾಟರ್ ಪಂಪ್ ತಿರುಗೋದೂ ಅದೇ ಬೆಲ್ಟಿನ ಮ್ಯಾಲ, ಅದಕ್ಕ ಬಿಚ್ಚಿದಾಗ್ಲೇ ಪಂಪ್, ಬೆಲ್ಟ್ ಬಿಗಿ ಹಿಡಿಯೋ ಟೆನ್ಶನರ್ ಎಲ್ಲಾ ಕೂಡೇ ಹಾಕ್ಸಿನಿ, ಮಜೂರಿ ಸಮೇತ 9,500. ಇಂಜಿನ್ ಆಯಿಲ್ ವರ್ಷಕ್ಕೊಮ್ಮೆ, ಬ್ಯಾಸಗಿಕಿಂತ ಮೊದ್ಲು, ಫಿಲ್ಟರ್ ಹಿಡ್ದು 2,600. ಇದರಾಗ ನಾ ಒಂದು ರೂಪಾಯಿ ಉಳ್ಸಲಾಕ ಹೋಗಂಗಿಲ್ಲ, ವಿಟೆಕ್ ಕೆಲಸ ಮಾಡೋದೇ ಆಯಿಲ್ ಪ್ರೆಶರ್ ಮ್ಯಾಲ, ಆಯಿಲ್ ಕೆಟ್ರ ಆ ಧ್ವನಿನೂ ಇಲ್ಲ ಎಳೆತನೂ ಇಲ್ಲ.

ಟೈರ್ 18,000. ಕಚ್ಚು ಎಲ್ಲಾ ಹಂಗೇ ಇದ್ವು, ಹೊಸಾವೇ ಕಾಣ್ತಿದ್ವು, ಆದ್ರ ಸೈಡಿಗೆ ಬರ್ದಿರೋ ನಾಕು ಅಂಕಿ ನೋಡಿದ್ರ 2316 ಅಂತ ಇತ್ತು, ಅಂದ್ರ 2016ರ 23ನೇ ವಾರದಾಗ ತಯಾರಾದ್ದು. ಉಗುರಲೇ ಒತ್ತಿದ್ರ ಸಣ್ಣ ಸಣ್ಣ ಸೀಳು ಬಾಯಿ ಬಿಡ್ತಿದ್ವು. ಎಂಟು ಬ್ಯಾಸಗಿ ಕಂಡ ರಬ್ಬರ್, ಆ ಟೈರ್ ಮ್ಯಾಲ ಸ್ಪೀಡ್ ಹೋಗೋದು ಜೀವದ ಜೋಡಿ ಆಟ. ಬ್ಯಾಟರಿ 4,600, ನಮ್ಮ ಬಿಸಲಿಗಿ ಮೂರು ವರ್ಷ ಬಂದ್ರ ಬಾಳ. ಎಸಿ ಗ್ಯಾಸ್ 1,800.

ಇಲಿ ಖರ್ಚ ಮಾತ್ರ ಯಾರೂ ಹೇಳಿರ್ಲಿಲ್ಲ. ಜನವರಿಯಾಗ ಮನಿಗಿ ಬಣ್ಣ ಹಚ್ಚೋದಿತ್ತು ಅಂತ ಗಾಡಿ ಸೇಡಂ ರೋಡಿನ ಕಡಿ ಕಾಕಾರ ಹೊಲದ ಗೋದಾಮಿನ್ಯಾಗ ಎರಡು ವಾರ ನಿಲ್ಲಿಸಿದ್ದೆ, ಆಗೇ ರಾಶಿ ಮುಗ್ದು ತೊಗರಿ ಚೀಲ ಬಂದಿದ್ವು. ತೊಗರಿಗಿ ಬಂದ ಇಲಿ ಬಾನೆಟ್ ಒಳಗ ಗೂಡು ಮಾಡಿ ಸೆನ್ಸಾರ್ ವೈರ್ ಕಡ್ದು ಹಾಕಿದ್ವು, ಇಂಜಿನ್ ಮ್ಯಾಲ ತೊಗರಿ ಹೊಟ್ಟು ಬಿದ್ದಿತ್ತು. 1,800 ವೈರಿಂಗಿಗೆ. ನಿಂತ ಗಾಡಿ ಬಾನೆಟ್ ವಾರಕ್ಕೊಮ್ಮೆ ಎತ್ತಿ ನೋಡ್ರಿ, ರಾತ್ರಿ ತೆರದಿಟ್ರೂ ನಡೀತದ, ಕತ್ತಲಿದ್ರೇ ಇಲಿ ಗೂಡು ಮಾಡ್ತಾವ.

ಪೆಟ್ರೋಲಿಂದು ಒಂದು ಮಾತು. ಮೊದ್ಲು 12 ಬರ್ತಿದ್ದ ಮೈಲೇಜು ಈಗ ಹತ್ತೂವರಿಗಿ ಬಂದದ. ಈಗ ಬರೋ ಪೆಟ್ರೋಲಿನಾಗ 20 ಪರ್ಸೆಂಟ್ ಎಥೆನಾಲ್ ಇರ್ತದ, ಎಥೆನಾಲಿಗೆ ಪೆಟ್ರೋಲಿಗಿಂತ ಮೂರರಾಗ ಒಂದು ಪಾಲು ಶಕ್ತಿ ಕಮ್ಮಿ, ಮತ್ತ ಅದು ನೀರು ಎಳ್ಕೋತದ, ಹಳೀ ರಬ್ಬರಿಗಿ ಆಗಿ ಬರಂಗಿಲ್ಲ. ಒಂದಿನ ಮುಂಜಾನಿ ಬಾಗಿಲು ತೆಗದ್ರ ಪೆಟ್ರೋಲ್ ವಾಸನಿ, ಪೈಪ್ ಉಬ್ಬಿ ಕ್ಲಿಪ್ ಹತ್ರ ಹನಿ ಹಿಡ್ದಿತ್ತು. ಎಥೆನಾಲ್ ತಡ್ಯೋ ಪೈಪ್ ಹಾಕ್ಸಿನಿ, 900. ಇದು ಬೆಂಕಿ ವಿಷಯ, ಮುಂದೂಡಬ್ಯಾಡ್ರಿ.

ಸ್ಪೇರ್ ಪಾರ್ಟ್ಸ್ ಕಲಬುರಗಿಯಾಗ ಸಿಗೋದು ಅಷ್ಟಕ್ಕಷ್ಟೇ. ಹಿಂದೊಮ್ಮೆ ಆನ್‌ಲೈನ್‌ದಾಗ ಸಸ್ತಾ ನೋಡಿ ಲೋವರ್ ಆರ್ಮ್ ತರ್ಸಿದ್ದೆ, ನಾಕು ತಿಂಗಳಿಗೆ ಬುಶ್ ಹರ್ದು ಕಟಕಟ ಅನ್ನಾಕತ್ತು, ಅದಕ್ಕೇ ಲೆಕ್ಕದ ಆ ವರ್ಷ 6,000 ಕೊಟ್ಟು ಮತ್ತ ಅದೇ ಕೆಲಸ ಮಾಡ್ಸಿದ್ದು. ಈಗ ಹಳೀ ಪಾರ್ಟ್ ಚೀಲದಾಗ ಹಾಕ್ಕೊಂಡು ರೈಲಿಗೆ ಸಿಕಂದರಾಬಾದಿನಾಗ ಗಾಡಿ ಪಾರ್ಟ್ಸ್ ಅಂಗಡಿ ಇರೋ ರಾಣಿಗಂಜಿಗಿ ಹೋಗ್ತೀನಿ, ಅಂಗಡಿ ಕಟ್ಟಿ ಮ್ಯಾಲ ಎರಡೂ ಬಾಜೂಕ ಇಟ್ಟು ಅಳತಿ ನೋಡಿನೇ ತರ್ತೀನಿ.

ಈಗ ನಾ ಮಾಡೋದು ಹಿಂಗ. ಟೈರ್ ಖರ್ಚ ಆರು ವರ್ಷಕ್ಕ ಹಂಚ್ತೀನಿ, ಬೆಲ್ಟ್ ಐದಕ್ಕ, ಬ್ಯಾಟರಿ ಮೂರಕ್ಕ, ಆರ್‌ಸಿ ಹೊಸಾ ಫೀಸು 10,000 ಐದಕ್ಕ, ಇವಿಷ್ಟೇ ವರ್ಷಕ್ಕ ಎಂಟೂವರಿ ಸಾವಿರ ಬರ್ತಾವ. ಇನ್ಶೂರೆನ್ಸ್, ಆಯಿಲ್, ಕೂಲಂಟ್ ಹಿಡ್ದು ಮತ್ತೊಂದು ಎಂಟೂವರಿ. ಹೇಳ್ದೆ ಕೇಳ್ದೆ ಬರೋ ಕೆಲಸಕ್ಕ 15 ಸಾವಿರ. ಒಟ್ಟು 32 ಸಾವಿರ, ಹಂಗಾಗಿ ತಿಂಗಳ ಒಂದನೇ ತಾರೀಖಿಗಿ ಪಗಾರ ಬಂದ ಕೂಡ್ಲೇ 3,000 ಬ್ಯಾರೆ ಖಾತೆಗೆ ಹಾಕಿಬಿಡ್ತೀನಿ, ಗಾಡಿ ಓಡ್ಲಿ ಬಿಡ್ಲಿ. 2024ರಾಗ ಹಿಂಗ ಹಾಕಿರ್ಲಿಲ್ಲ, ಟೈರ್ ಮತ್ತ ಬೆಲ್ಟ್ ಒಂದೇ ವರ್ಷ ಬಂದಾಗ ತಮ್ಮನ ಕಡಿಂದ ಸಾಲ ತಗೊಂಡಿನಿ, ಅದು ತೀರಿಸ್ಲಾಕ ದೀಪಾವಳಿ ತನಕ ಆಯ್ತು.

ಅವ್ವಗ ಮಾತ್ರ ಆ ಮೇ ತಿಂಗಳ ಮಧ್ಯಾಹ್ನ ಮರ್ತಿಲ್ಲ. ಈಗೂ ಹತ್ತಿ ಕುಂತ ಕೂಡ್ಲೇ "ನೀರು ನೋಡ್ದೆನು?" ಅಂತ ಕೇಳ್ತಾಳ, ನಾ ಇಳ್ದು ಬಾನೆಟ್ ಎತ್ತಿ ಕೂಲಂಟ್ ಡಬ್ಬಿ ಗೆರಿ ನೋಡಿ, ತುಂಬ್ಯಾದವ್ವ ಅಂದ್ಮ್ಯಾಲೇ ಸೀಟ್ ಬೆಲ್ಟ್ ಹಾಕ್ಕೋತಾಳ.